ಮಗು ಕೂತಲ್ಲಿಗೆ

ವಿಜಯವಾಡದ ಬಿರುಬೇಸಗೆಯಲ್ಲೂ ಸೀರೆಯ ಮೇಲೆ ಕಂದು ಖಾದಿ ಕೋಟು ತೊಟ್ಟು, ಜೊತೆಗೆ ನಡೆವ ಮಗುವಿನ ಹೆಜ್ಜೆಗೆ ತಮ್ಮ ಹೆಜ್ಜೆಯನ್ನು ಕುಗ್ಗಿಸಿಕೊಂಡು ಸಾಗುವ ಅಧಿಕಾರಿಣಿ ಸುಲೋಚನಾ ಮೇಡಂ ಒಬ್ಬರೇ ಇರಬೇಕು. "ಈ ಉರಿಯಲ್ಲಿ ಕೋಟಾ ಮೇಡಂ?" ಎಂದರೆ, "ಸೀರೆಗೆ ಜೇಬಿಲ್ಲ ಕದಾ ತಾಯಿ!" ಎಂದು ತೆಲುಗು ಬೆರೆಸಿ ನಗುವರು. ಚಿತ್ರದುರ್ಗದಿಂದ ವರ್ಗವಾಗಿ ಬಂದ ಬ್ಯಾಂಕ್ ಗುಮಾಸ್ತರ ಮಗಳು. ಇಲ್ಲೇ ಬೆಳೆದು ಮಕ್ಕಳ ಕಲ್ಯಾಣ ಇಲಾಖೆ ಸೇರಿದವರು.

ವಿಶಾಖಪಟ್ಟಣದಿಂದ ನಮಗೆ ವರ್ಗವಾದಾಗ ಮಗ ಅನಿರುದ್ಧನಿಗೆ ಐದು ತುಂಬುತ್ತಿತ್ತು. ಮಾತು ಇನ್ನೂ ಕೂಡಿಬಂದಿರಲಿಲ್ಲ. ಅಲ್ಲಿ ಮಾಡಿಸಿದ ಪರೀಕ್ಷೆಯ ವರದಿ ಇಲ್ಲಿ ನಡೆಯದೆಂದು, ಕಿವಿಗೊಂದು ಕಚೇರಿ, ಮಾತಿಗೊಂದು, ಶಾಲೆಗೊಂದು ಎಂದು ಅಲೆದು ಸೋತಿದ್ದೆ. ಇಂಥ ಅಲೆದಾಟ ತಪ್ಪಿಸಲೆಂದೇ ಮೇಡಂ ಹಟ ಹಿಡಿದು ಎಲ್ಲ ಇಲಾಖೆಗಳನ್ನೂ ಭವಾನಿಪುರಂನ ಒಂದು ಸಭಾಂಗಣಕ್ಕೆ ಎಳೆತಂದರು.

ಮೊದಲ ದಿನ ಆದದ್ದೇನು? ಪ್ರತಿ ಇಲಾಖೆಯೂ ತನ್ನ ಮೇಜು, ತನ್ನ ಫಲಕ, ತನ್ನ ಸಾಲಿನೊಂದಿಗೇ ಬಂದಿತ್ತು. ಮೇಜು ಮೇಜಿನಲ್ಲೂ ಅದೇ ಗಂಟೆ ಬಾರಿಸುವುದು, ಅದೇ ಗೊಂಬೆ ತೋರಿಸುವುದು. ಕೊನೆಯ ಮೇಜಿಗೆ ಬರುವಷ್ಟರಲ್ಲಿ ಅನಿರುದ್ಧ ನನ್ನ ಸೆರಗಿನಲ್ಲಿ ಮುಖ ಹುದುಗಿಸಿದ್ದ. ಶಿಕ್ಷಣ ಇಲಾಖೆಯ ಸೂರ್ಯಪ್ರಕಾಶ ಗಾರು ಗಂಟೆ ಬಾರಿಸಿದರು, ಚಪ್ಪಾಳೆ ತಟ್ಟಿದರು; ಅವನು ತಿರುಗಲಿಲ್ಲ.

"ಕಿವಿ ಕೇಳಿಸಲ್ಲಮ್ಮ. ಕಿವುಡು ಮಕ್ಕಳ ವಸತಿಶಾಲೆಗೆ ಬರೀತೀನಿ."

ಮಗುವನ್ನು ಬಿಟ್ಟು ಬರುವ ಮಾತು! ನಾನು ಅವನನ್ನು ಅಪ್ಪಿಕೊಂಡು ನೆಲಕ್ಕೆ ಕುಳಿತೆ.

ಮೇಡಂ ನನ್ನ ಪಕ್ಕ ನೆಲದ ಮೇಲೇ ಕೂತುಬಿಟ್ಟರು. "ತಪ್ಪು ನಂದೇ ಹರಿಣಿ. ಆಫೀಸುಗಳನ್ನ ಒಟ್ಟು ಮಾಡಿದೆ, ಕೆಲಸವನ್ನ ಒಟ್ಟು ಮಾಡಲಿಲ್ಲ." ಆಮೇಲೆ ದನಿ ಏರಿಸಿ, "ಸೂರ್ಯಪ್ರಕಾಶ ಗಾರೂ, ಒಂದೇ ಗಂಟೆ ಇಷ್ಟು ಸಲ ಬಾರಿಸಿದ್ರೆ ನೀವಾದ್ರೂ ತಿರುಗ್ತೀರಾ?"

"ನಾನು ಸರ್ಕಾರಿ ನೌಕರ ಮೇಡಂ, ಮೊದಲ ಸಲಕ್ಕೇ ತಿರುಗಲ್ಲ!"

ನಗುನಗುತ್ತಲೇ ಮೇಜುಗಳು ಗೋಡೆ ಸೇರಿದವು. ಚಾಪೆಯ ಮೇಲೆ ಮಗು. ಅವನೊಡನೆ ಕಿವಿಯ ಡಾಕ್ಟರ್ ಪ್ರತ್ಯೂಷಾ ಒಬ್ಬರೇ ಆಡಬೇಕು, ಮಿಕ್ಕವರು ಹಿಂದೆ ಕೂತು ನೋಡಬೇಕು. "ಬಾಯಿಬಿಟ್ಟವರನ್ನ ಹೊರಗೆ ನಿಲ್ಲಿಸ್ತೀನಿ ಅಂಡಿ!" ಎಂದು ಮೇಡಂ ತೆಲುಗಿನ ಗೌರವ ಸೇರಿಸಿಯೇ ಗದರಿದರು. ಮೊಸರನ್ನ ಉಂಡು ಒಂದು ನಿದ್ದೆ ತೆಗೆದೆದ್ದ ಅನಿರುದ್ಧ, ಬೆನ್ನ ಹಿಂದೆ ಪ್ರತ್ಯೂಷಾ ಪಿಸುಗುಟ್ಟಿದ ತನ್ನ ಹೆಸರಿಗೆ ಮೆಲ್ಲಗೆ ಹೊರಳಿ ನೋಡಿದ.

ವಸತಿಶಾಲೆ ಎಂದು ಬರೆದದ್ದನ್ನು ಸೂರ್ಯಪ್ರಕಾಶ ಗಾರು ತಾವೇ ಹೊಡೆದುಹಾಕಿದರು. "ಮನೆ ಹತ್ತಿರದ ಶಾಲೆಗೇ ಹೋಗಲಿ. ಮಾತು ಕಲಿಸೋರನ್ನ ಅಲ್ಲಿಗೇ ಕಳಿಸ್ತೀವಿ."

ಹೊಸದನ್ನು ಕಟ್ಟುವವರಿಗೆ ನಮ್ಮಲ್ಲಿ ಬರವಿಲ್ಲ. ತಾವು ಕಟ್ಟಿದ್ದೇ ಮಗುವಿಗೆ ಭಾರವಾಯಿತೆಂದು ಕಂಡ ಗಳಿಗೆಯಲ್ಲೇ, ಅಭಿಮಾನ ಬದಿಗಿಟ್ಟು ಅದನ್ನು ಬಿಚ್ಚಲು ಕೂರುವವರು ವಿರಳ. ಬೆಳೆವ ಕೂಸಿಗೆ ಅಂಗಿ ಹೊಲಿಯುವ ತಾಯಿಯಂತೆ ಅಂಥವರು ಅಳತೆಯನ್ನು ಮಗುವಿನ ಮೈಯಿಂದಲೇ ತೆಗೆಯುತ್ತಾರೆ; ಹೊಲಿಗೆ ಬಿಚ್ಚುವುದನ್ನು ಸೋಲೆಂದು ಎಣಿಸುವುದಿಲ್ಲ.