ಶ್ರೀ ಕಿಟಕಿ ಸೀಟು ಅವರಿಗೆ ಬಂದ ನೋಟಿಸು

ಸರ್ವಮಂಗಳ ಇದ್ದದ್ದು ಹನಗೋಡಿನಲ್ಲಿ, ಕನ್ನಡ ಕಲಿಸುತ್ತಿದ್ದದ್ದು ಹುಣಸೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ. ದಿನಕ್ಕೆರಡು ಸಲದಂತೆ ಹದಿಮೂರು ವರ್ಷ ಬಸ್ಸು ಹತ್ತಿ ಇಳಿದು, ಆ ದಾರಿಯ ಒಂದೊಂದು ಗುಂಡಿಯೂ ಅವಳ ಬೆನ್ನುಮೂಳೆಗೆ ಪರಿಚಯವಾಗಿತ್ತು. ಬೇರೆಯವರಾಗಿದ್ದರೆ ಬಸ್ಸಿನ ಹೆಸರು ಕೇಳಿದರೇ ಸುಸ್ತಾಗುತ್ತಿದ್ದರು. ಇವಳಿಗೆ ಮಾತ್ರ ಬಸ್ಸುಗಳ ಮೇಲೆ ಪ್ರೀತಿ ಬೆಳೆದುಬಿಟ್ಟಿತು. ಯಾವುದು ಎಷ್ಟು ಹೊತ್ತಿಗೆ ಹೊರಡುತ್ತೆ, ಯಾವುದು ಪಿರಿಯಾಪಟ್ಟಣದಲ್ಲಿ ಟೀ ಕುಡಿಯೋಕೆ ಅಂತ ಅರ್ಧ ಗಂಟೆ ನಿಲ್ಲುತ್ತೆ, ಎಚ್.ಡಿ. ಕೋಟೆಗೆ ಹೋಗೋರು ಯಾವುದನ್ನು ಬಿಟ್ಟು ಯಾವುದನ್ನು ಹಿಡಿಯಬೇಕು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು.

ಎರಡು ಸಾವಿರದ ಏಳರಲ್ಲಿ ಶಾಲೆಯಲ್ಲಿ ಟೀಚರುಗಳಿಗೆ ಕಂಪ್ಯೂಟರ್ ತರಬೇತಿ ಕೊಟ್ಟರು. ಆಗ ಅವಳು ಬ್ಲಾಗ್ ಎನ್ನುವುದೊಂದನ್ನು ತೆರೆಯಲು ಕಲಿತಳು. ಅದಕ್ಕೆ 'ಬಸ್ಸು ಬಂತಾ' ಎಂದು ಹೆಸರಿಟ್ಟಳು. ಸ್ವಂತ ಹೆಸರು ಹಾಕಲು ಸಂಕೋಚವಾಗಿ, ತನ್ನನ್ನು 'ಕಿಟಕಿ ಸೀಟು' ಎಂದು ಕರೆದುಕೊಂಡಳು. ವಾರಕ್ಕೊಮ್ಮೆ ಬಸ್ ಸ್ಟ್ಯಾಂಡ್ ಪಕ್ಕದ ಸೈಬರ್ ಸೆಂಟರಿನಲ್ಲಿ ಕೂತು ಬರೆಯುತ್ತಿದ್ದಳು. ಓದುವವರು ಐವತ್ತು ಜನ ಇದ್ದರೆ ಹೆಚ್ಚು. ಆದರೂ ಒಂದು ಸಲ ಯಾರೋ ಮೈಸೂರಿನವರು, "ಭೇರ್ಯಕ್ಕೆ ನಾಮಕರಣಕ್ಕೆ ಹೋಗಿದ್ದೆವು, ನೀವು ಬರೆದ ಟೈಮಿಗೇ ಕೆ.ಆರ್. ನಗರದಲ್ಲಿ ಬಸ್ಸು ಸಿಕ್ಕಿತು, ತುಂಬಾ ಉಪಕಾರ" ಎಂದು ಬರೆದಿದ್ದರು. ಅದನ್ನು ಪ್ರಿಂಟ್ ತೆಗೆಸಿ ಬೀರುವಿನಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟುಕೊಂಡಿದ್ದಳು.

ಗಲಾಟೆ ಶುರುವಾದದ್ದು ಆರೂ ಹತ್ತರ ಬಸ್ಸಿನಿಂದ. ನೀಲಾಂಬಿಕಾ ಮೋಟಾರ್ ಸರ್ವಿಸ್‌ನ ಆ ಬಸ್ಸು ಸಂಜೆ ಆರೂ ಹತ್ತಕ್ಕೆ ಹುಣಸೂರು ಬಿಟ್ಟು ಹನಗೋಡಿಗೆ ಬರಬೇಕು. ಆದರೆ ಲಗ್ನದ ದಿನಗಳು ಬಂದವೆಂದರೆ ಅದನ್ನು ಯಾವುದೋ ಮದುವೆ ದಿಬ್ಬಣಕ್ಕೆ ಬಾಡಿಗೆಗೆ ಕಳಿಸಿಬಿಡುತ್ತಿದ್ದರು. ಬಟ್ಟೆ ಅಂಗಡಿ, ಆಸ್ಪತ್ರೆ, ಟೈಲರಿಂಗ್ ಅಂತ ಹುಣಸೂರಿಗೆ ಬಂದು ದುಡಿಯುವ ಹೆಂಗಸರು ಏಳೂವರೆಯ ಕಡೇ ಬಸ್ಸಿಗೆ ಕಾದು ಕೂರಬೇಕಾಗುತ್ತಿತ್ತು. ಎರಡು ಸಾವಿರದ ಎಂಟರ ಫೆಬ್ರವರಿ ಪೂರ್ತಿ ಸರ್ವಮಂಗಳ ತಾರೀಖು ಹಾಕಿ ಗುರುತು ಮಾಡಿದಳು. ಇಪ್ಪತ್ತೈದು ದಿನದಲ್ಲಿ ಬಸ್ಸು ಬಂದದ್ದು ಹನ್ನೊಂದೇ ದಿನ. ಅಷ್ಟನ್ನೂ ಬ್ಲಾಗಿನಲ್ಲಿ ಹಾಕಿ, "ಈ ಬಸ್ಸಿಗೆ ಮದುವೆ ಊಟದ ರುಚಿ ಹತ್ತಿದೆ" ಎಂದು ಒಂದು ಸಾಲು ಸೇರಿಸಿದಳು. ಯಾರೋ ಪುಣ್ಯಾತ್ಮರು ಅದನ್ನು ಪ್ರಿಂಟ್ ತೆಗೆದು ಬಸ್ ಸ್ಟ್ಯಾಂಡಿನ ಟೀ ಅಂಗಡಿಯ ಗೋಡೆಗೆ ಅಂಟಿಸಿದರು. ಎರಡು ದಿನ ಅಲ್ಲಿ ಟೀಗಿಂತ ನಗುವೇ ಹೆಚ್ಚು ಖರ್ಚಾಯಿತು.

ಮುಂದಿನ ಗುರುವಾರ ಸಂಜೆ ಸೈಬರ್ ಸೆಂಟರಿಗೆ ಹೋಗಿ ಮೇಲ್ ತೆರೆದರೆ, ಮೇಲುಗಡೆಯೇ ಒಂದು ಹೊಸ ಕಾಗದ ಕೂತಿತ್ತು. 'ಕಾನೂನು ನೋಟಿಸ್, ಅತೀ ತುರ್ತು.' ಕಳಿಸಿದವರು ಬೆಂಗಳೂರು ಹೈಕೋರ್ಟಿನ ವಕೀಲರಂತೆ. ಬಸ್ಸಿನ ಮೇಲೆ ಬರೆದದ್ದನ್ನು ನಲವತ್ತೆಂಟು ಗಂಟೆಯೊಳಗೆ ತೆಗೆಯದಿದ್ದರೆ ಸೆಕ್ಷನ್ 302ರ ಪ್ರಕಾರ ಜೈಲಂತೆ. ನೀವು ಯಾರು, ನಿಮ್ಮ ಮನೆ ಎಲ್ಲಿ ಎಂಬುದು ಪೊಲೀಸರ ಕಂಪ್ಯೂಟರಿನಲ್ಲಿ ಈಗಾಗಲೇ ಗೊತ್ತಾಗಿದೆಯಂತೆ. ಈ ವಿಷಯ ಬೇರೆ ವಕೀಲರಿಗೆ ತಿಳಿಸಿದರೆ ಶಿಕ್ಷೆ ಎರಡರಷ್ಟಂತೆ.

ಸರ್ವಮಂಗಳಳದು ಖಾಸಗಿ ಶಾಲೆಯ ನೌಕರಿ. ಟೀಚರ್ ಮೇಲೆ ಕೇಸು ಅಂತ ಮ್ಯಾನೇಜ್‌ಮೆಂಟಿಗೆ ಸುದ್ದಿ ಹೋದರೆ ಮಾರನೇ ದಿನವೇ ಮನೆಗೆ ಕಳಿಸುತ್ತಾರೆ. ಬರೆದದ್ದನ್ನು ಅಳಿಸಿಬಿಡೋಣ ಎಂದು ಮೌಸ್ ಹಿಡಿದಳು. ಅಷ್ಟರಲ್ಲಿ ಕರೆಂಟು ಹೋಯಿತು. ಜನರೇಟರ್ ಗುರ್ ಎಂದು ಮತ್ತೆ ಪರದೆ ಬೆಳಗುವ ಹೊತ್ತಿಗೆ ಸ್ವಲ್ಪ ಬುದ್ಧಿ ಬಂತು. ನೋಟಿಸಿನ ಪ್ರಿಂಟ್ ತೆಗೆಸಿಕೊಂಡು ಬ್ಯಾಗಿಗೆ ತುರುಕಿ, ಏಳೂವರೆಯ ಬಸ್ಸು ಹಿಡಿದಳು.

ಮನೆಯಲ್ಲಿ ಗಂಡ ಯತೀಶ್ ಕಾಗದವನ್ನು ಎರಡು ಸಲ ಓದಿ ಮುಖ ಸಣ್ಣದು ಮಾಡಿಕೊಂಡ. "ಅಳಿಸಾಕ್ಬುಡು ಮಂಗಳ. ಒಂದು ಬಸ್ಸಿಗೋಸ್ಕರ ನಾವು ಕೋರ್ಟು ಮೆಟ್ಲು ಹತ್ತೋಕಾಯ್ತದಾ?"

ಮೂಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಚಿಕ್ಕಬೀರಮ್ಮ ತಲೆ ಎತ್ತಿದರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಗದ್ದೆಯ ಬದುವಿನ ವಿಚಾರಕ್ಕೆ ದಾಯಾದಿಗಳ ಮೇಲೆ ಹನ್ನೆರಡು ವರ್ಷ ಹುಣಸೂರು ಕೋರ್ಟಿನಲ್ಲಿ ಕೇಸು ನಡೆಸಿ ಗೆದ್ದವರು. ಕೋರ್ಟು ಎಂದರೆ ಅವರಿಗೆ ತವರುಮನೆಗೆ ಹೋಗಿಬಂದಷ್ಟೇ ಸಲೀಸು.

"ಕಾಗ್ದ ಯಾರು ತಂದ್ರು? ಪೋಸ್ಟ್ ನಿಂಗಯ್ಯ ಈ ಕಡೀಕೆ ಬಂದೇ ಇಲ್ವಲ್ಲ."

"ಪೋಸ್ಟಲ್ಲಲ್ಲ ಅತ್ತೆಮ್ಮ, ಕಂಪ್ಯೂಟರ್‌ಗೆ ಬಂದಿದ್ದು."

"ಸೈನು ಮಾಡುಸ್ಕೊಂಡ್ರಾ?"

"ಇಲ್ಲ."

"ಹೆಬ್ಬೆಟ್ಟು?"

"ಅದೆಲ್ಲ ಇರಲ್ಲ ಇದರಲ್ಲಿ."

ಚಿಕ್ಕಬೀರಮ್ಮ ಮೊರವನ್ನು ಪಕ್ಕಕ್ಕಿಟ್ಟರು. "ಹನ್ನೆರಡು ವರ್ಸದಲ್ಲಿ ನಂಗೆ ಎಷ್ಟ್ ನೋಟೀಸು ಬಂದವೋ ಲೆಕ್ಕ ಇಲ್ಲ. ಒಂದಾದ್ರೂ ಹೆಬ್ಬೆಟ್ಟು ಒತ್ತುಸ್ಕೊಳ್ದೆ ಕೊಟ್ಟಿಲ್ಲ. ಲಾಯರ್‌ಗೆ ಏಳ್ಬ್ಯಾಡ ಅಂತ ಬರ್ದವ್ನಲ್ಲ, ಅದೇ ಸರಿ ಇಲ್ಲ ಕಣವ್ವ. ನಾಳೀಕೆ ನಾನೂ ಬತ್ತೀನಿ, ಪುಟ್ಟಮಲ್ಲಪ್ಪೋರ್‌ತಾವ ಹೋಗವ."

ಶುಕ್ರವಾರ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಮೊದಲ ಬಸ್ಸು ಹತ್ತಿದರು. ಚಿಕ್ಕಬೀರಮ್ಮ ಒಳ್ಳೇ ಸೀರೆ ಉಟ್ಟು, ವಕೀಲರಿಗೆ ಅಂತ ಒಂದು ಚೀಲ ಅವರೆಕಾಯಿಯನ್ನೂ ಎತ್ತಿಕೊಂಡಿದ್ದರು. ಪುಟ್ಟಮಲ್ಲಪ್ಪನವರು ಎಪ್ಪತ್ತು ದಾಟಿದ ವಕೀಲರು, ಬದುವಿನ ಕೇಸು ಗೆದ್ದುಕೊಟ್ಟವರು. ಮನೆಯ ಮುಂದಿನ ಕೋಣೆಯೇ ಅವರ ಆಫೀಸು. ಜೀವಮಾನದಲ್ಲಿ ಇ-ಮೇಲ್ ಕಂಡವರಲ್ಲ. ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು, ಮೊದಲ ಸಾಲು ಓದಿ ಸರ್ವಮಂಗಳಳ ಮುಖ ನೋಡಿದರು.

"'ಶ್ರೀ ಕಿಟಕಿ ಸೀಟು ರವರಿಗೆ' ಅಂತಿದೆ. ಯಾರಮ್ಮ ಇವರು?"

"ನಾನೇ ಸರ್. ಆ ಹೆಸರಲ್ಲಿ ಬರೀತೀನಿ."

"ಅಂದರೆ ನೀವು ಯಾರು ಅಂತ ಈತನಿಗೆ ಗೊತ್ತಿಲ್ಲ. ಗೊತ್ತಿದ್ದರೆ ಹೆಸರು ಹಾಕುತ್ತಿದ್ದ. ಪೊಲೀಸ್ ಕಂಪ್ಯೂಟರು ಅಂತೆಲ್ಲ ಬರೆದಿರೋದು ಸುಮ್ಮನೆ ಗಾಳಿ." ಮುಂದಕ್ಕೆ ಓದುತ್ತಾ ಹೋದಂತೆ ಅವರ ಭುಜ ಕುಲುಕಲು ಶುರುವಾಯಿತು. "302 ಅಂದರೆ ಕೊಲೆ ಕಣಮ್ಮ. ಮಾನನಷ್ಟಕ್ಕೆ 499, 500. ನೀವು ಬಸ್ಸಿನ ಕೊಲೆ ಮಾಡಿದ್ದೀರಿ ಅಂತ ಆಯಿತು."

ಸರ್ವಮಂಗಳ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. "ಕಂಪ್ಯೂಟರಿನಲ್ಲಿ ನೋಟಿಸ್ ಕಳಿಸೋ ಹಾಗೇ ಇಲ್ವಾ ಸರ್?"

"ಕಾಲ ಬದಲಾಗ್ತಿದೆ, ಕಳಿಸಬಾರದು ಅಂತ ನಾನು ಹೇಳೋದಿಲ್ಲ. ಆದರೆ ನೋಟಿಸು ಅಂದಮೇಲೆ ಅದಕ್ಕೊಂದು ಮೈಕಟ್ಟು ಇರುತ್ತೆ. ನನ್ನ ಕಕ್ಷಿದಾರರು ಇಂಥವರು, ಇಂಥ ಊರಿನವರು, ಅವರು ಹೇಳಿದ ಮೇಲೆ ಬರೀತಿದ್ದೀನಿ ಅಂತ ಶುರುವಾಗಬೇಕು. ಇಲ್ಲಿ ಕಕ್ಷಿದಾರನ ಹೆಸರೇ ಇಲ್ಲ. ವಕೀಲನ ವಿಳಾಸ ನೋಡಿ, 'ಹೈಕೋರ್ಟ್ ಒಳಗೆ, ಬೆಂಗಳೂರು'. ಹೈಕೋರ್ಟಿನೊಳಗೆ ಸಂಸಾರ ಹೂಡಿದ್ದಾನೇನೋ. ಫೋನ್ ನಂಬರಿಲ್ಲ, ವಕೀಲನಾಗಿ ನೋಂದಣಿ ಮಾಡಿಸಿದ ನಂಬರೂ ಇಲ್ಲ. ಇನ್ನು ಬೇರೆ ವಕೀಲರಿಗೆ ತೋರಿಸಬೇಡಿ ಅಂತ ಯಾವ ವಕೀಲನೂ ಬರೆಯೋದಿಲ್ಲ. ತೋರಿಸಿದರೆ ತಾನೇ ನಮ್ಮಂಥವರ ಹೊಟ್ಟೆ ತುಂಬೋದು." ಕನ್ನಡಕ ತೆಗೆದು ಒರೆಸಿದರು. "ನಿಮ್ಮನ್ನ ಒಂದೇ ಮಾತು ಕೇಳ್ತೀನಿ. ಬರೆದಿದ್ದು ನಿಜವಾ?"

ಅವಳು ನೋಟ್‌ಬುಕ್ ತೆಗೆದು ಮುಂದಿಟ್ಟಳು. ತಾರೀಖು, ವಾರ, ಬಂತು, ಬರಲಿಲ್ಲ. ಪುಟ್ಟಮಲ್ಲಪ್ಪನವರು ಹಾಳೆ ತಿರುಗಿಸಿ ನೋಡಿ, "ಇದನ್ನ ಜೋಪಾನವಾಗಿಡಿ" ಎಂದರಷ್ಟೆ.

ಚಿಕ್ಕಬೀರಮ್ಮ ಅವರೆಕಾಯಿಯ ಚೀಲವನ್ನು ಮೇಜಿನ ಮೇಲಿಟ್ಟು, ತಾನೇ ತೀರ್ಪು ಕೊಟ್ಟಷ್ಟು ಗತ್ತಿನಿಂದ ಎದ್ದರು.

ಅವತ್ತು ಮಧ್ಯಾಹ್ನ ಪಾಠವಿಲ್ಲದ ಒಂದು ಪೀರಿಯಡ್ಡಿನಲ್ಲಿ ಸರ್ವಮಂಗಳ ಆ ಕಾಗದವನ್ನು ಮತ್ತೆ ಬಿಡಿಸಿದಳು. ಹೆದರಿಕೆಯಲ್ಲಿ ಕಾಣದೇ ಇದ್ದದ್ದೆಲ್ಲ ಈಗ ಕಣ್ಣಿಗೆ ಹೊಡೆಯಿತು. ಕೈ ತಾನಾಗಿಯೇ ಕೆಂಪು ಪೆನ್ನು ತೆಗೆದುಕೊಂಡಿತು. 'ನಮ್ಮ ಗಾಡಿಗೆ ಹಪಮಾನ ಮಾಡಿರುತ್ತೀರಿ.' 'ಬರೆದದ್ದನ್ನು ಹಳಿಸಿ ಆಕತಕ್ಕದ್ದು.' 'ತಪ್ಪಿದಲ್ಲಿ ಮುಂದಿನ ಹಪಾಯಕ್ಕೆ ನೀವೇ ಒಣೆ.' ಇರಬೇಕಾದ ಕಡೆ ಹಕಾರವಿಲ್ಲ, ಬೇಡದ ಕಡೆ ಬಂದು ಕೂತಿದೆ. ಇದು ಅವಳಿಗೆ ಅಂಗೈ ಗೆರೆಯಷ್ಟೇ ಪರಿಚಯ. ಮನೆಯಲ್ಲಿ 'ಅಳ್ಳಿ', 'ಅಂಗೆ' ಎಂದು ಮಾತಾಡಿ ಬೆಳೆದ ಮಕ್ಕಳು ಬರೆಯುವಾಗ ಎಲ್ಲಿ ತಪ್ಪಾಗುತ್ತೋ ಎಂಬ ಭಯಕ್ಕೆ ಸಿಕ್ಕಸಿಕ್ಕಲ್ಲಿ ಹಕಾರ ಅಂಟಿಸುತ್ತಾರೆ. ಬೆಂಗಳೂರಿನ ವಕೀಲನೆಂಬುದು ಸುಳ್ಳು, ಇವನು ನಮ್ಮ ಸೀಮೆಯವನೇ. ಅದೂ ಬಸ್ಸನ್ನು 'ಗಾಡಿ' ಅನ್ನುವವನು.

ಶುಕ್ರವಾರ, ಶನಿವಾರ ಆರೂ ಹತ್ತರ ಬಸ್ಸು ಬರಲಿಲ್ಲ. ನಲವತ್ತೆಂಟು ಗಂಟೆ ಕಳೆಯಿತು, ಪೊಲೀಸರೂ ಬರಲಿಲ್ಲ. ಸೋಮವಾರ ಸಂಜೆ ಬಸ್ಸು ನೆಟ್ಟಗೆ ಬಂದು ನಿಂತಿತು. ಕಂಡಕ್ಟರ್ ಲಿಂಗರಾಜು ಎಂದಿನಂತೆ ಮುಂದಿನ ಕಿಟಕಿ ಪಕ್ಕದ ಸೀಟಿನ ಮೇಲೆ ಟವೆಲ್ ಹಾಕಿ ಇಟ್ಟಿದ್ದ. "ಬನ್ನಿ ಮೇಡಂ, ನಿಮ್ ಜಾಗ." ಹದಿನಾಲ್ಕು ವರ್ಷದಿಂದ ಅದೇ ಬಸ್ಸಿನಲ್ಲಿದ್ದ ನಲವತ್ತರ ಆಸಾಮಿ. ಬಸುರಿಯರು ಹತ್ತಿದರೆ ಗಂಡಸರನ್ನು ಎಬ್ಬಿಸುವವನು, ಯಾರಿಗೂ ಒಂದು ಕೆಟ್ಟ ಮಾತು ಆಡಿದವನಲ್ಲ.

ಕೂತು ತಲೆ ಎತ್ತಿದರೆ, ಡ್ರೈವರ್ ಹಿಂದಿನ ರಟ್ಟಿನ ಬೋರ್ಡು ಎದುರಿಗೇ ಇತ್ತು. ಲಿಂಗರಾಜು ತಾನೇ ಬರೆದು ತೂಗುಹಾಕಿದ್ದು, ಮೂರು ವರ್ಷದಿಂದ ನೋಡಿ ನೋಡಿ ಅವಳು ಓದುವುದನ್ನೇ ಬಿಟ್ಟಿದ್ದ ಬೋರ್ಡು. 'ಚಿಲ್ಲರೆ ಹಭಾವ ಇರುತ್ತದೆ. ಬಾಗಿಲಲ್ಲಿ ನಿಲ್ಲಬೇಡಿ, ಹಪಾಯಕ್ಕೆ ನೀವೇ ಒಣೆ.'

ಅವಳು ಬೋರ್ಡನ್ನು ನೋಡಿದಳು, ಟಿಕೆಟ್ ಹರಿಯುತ್ತಿದ್ದ ಲಿಂಗರಾಜುವನ್ನು ನೋಡಿದಳು. ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಬೇಜಾರಾಯಿತು. ದಾರಿಯುದ್ದಕ್ಕೂ ಹೊರಗೆ ನೋಡುತ್ತಾ ಏನು ಹೇಳುವುದೆಂದು ಯೋಚಿಸಿದಳು.

ಹನಗೋಡಿನಲ್ಲಿ ಎಲ್ಲರೂ ಇಳಿದ ಮೇಲೆ ಅವಳು ಕೂತೇ ಇದ್ದಳು. ಡ್ರೈವರ್ ಟೀಗೆ ಹೋದ. ಕೆಂಪು ಗೆರೆ ಎಳೆದಿದ್ದ ಕಾಗದವನ್ನು ಬ್ಯಾಗಿನಿಂದ ತೆಗೆದು ಲಿಂಗರಾಜುವಿನ ಕೈಗಿತ್ತಳು.

"ಇದು ನೀವು ಬರೆದಿದ್ದಾ?"

ಅವನು ಕಾಗದ ನೋಡಿ, ಅವಳನ್ನು ನೋಡಿ, ಎದುರಿನ ಸೀಟಿನ ತುದಿಗೆ ಕೂತುಬಿಟ್ಟ. "ನಿಮ್ ಕೈಗೆ ಎಂಗ್ ಬಂತು ಮೇಡಂ ಇದು?"

"ಕಿಟಕಿ ಸೀಟು ಅಂದರೆ ನಾನೇ."

ಲಿಂಗರಾಜು ಟಿಕೆಟ್ ಚೀಲದ ಬಾಯಿಯನ್ನು ಮುಚ್ಚಿದ, ತೆಗೆದ, ಮತ್ತೆ ಮುಚ್ಚಿದ.

"ಯಾರೋ ಬೆಂಗ್ಳೂರೋರು ನಮ್ಮೇಲೆ ಬರೀತಾವ್ರೆ ಅನ್ಕೊಂಡೆ ಮೇಡಂ. ಟೀ ಅಂಗ್ಡೀಲಿ ಎಲ್ರೂ ಓದಿ ನಗೋರು. ಆರ್‌ಟಿಒ ನೋಡುದ್ರೆ ಪರ್ಮಿಟ್ಟು ಕಿತ್ಕೋತಾರೆ, ಗಾಡಿ ನಿಂತೋಯ್ತದೆ, ಆಮೇಲೆ ನಾನೆಲ್ಲಿಗೋಗ್ಲಿ? ನಮ್ ಷಡ್ಕ ಟೈಪಿಂಗ್ ಕಲ್ತವ್ನೆ. ನಾನು ಬರ್ಕೊಟ್ಟೆ, ಅವ್ನು ಅಂಗೇ ಒಡ್ದು ಕಳ್ಸುದ. ಮಾಲೀಕ್ರಿಗೂ ಗೊತ್ತಿಲ್ಲ."

"ಇದು ಬಂದ ರಾತ್ರಿ ನಾನು ಊಟ ಬಿಟ್ಟಿದ್ದೆ ಲಿಂಗರಾಜು."

"ತಪ್ಪಾಯ್ತು ಮೇಡಂ." ತಲೆ ತಗ್ಗಿಸಿಯೇ ಹೇಳಿದ. "ನೀವು ಬರ್ದಿರೋದ್ರಲ್ಲಿ ಸುಳ್ಳೇನೂ ಇಲ್ಲ. ದಿಬ್ಬಣಕ್ಕೆ ಹೋಗು ಅಂದ್ರೆ ಹೋಗ್ಬೇಕು. ಸ್ಟ್ಯಾಂಡ್ನಾಗೆ ಆ ಹೆಣ್ಮಕ್ಳು ನಿಂತಿರದ ನೆನುಸ್ಕೊಂಡ್ರೆ ನಂಗೂ ಊಟ ಸೇರಕ್ಕಿಲ್ಲ."

ಅವನ ಮಾತು ನಿಜ ಎಂದು ಅವಳಿಗೆ ಅನ್ನಿಸಿತು. ಸಿಟ್ಟು ಪೂರ್ತಿ ಇಳಿಯಲಿಲ್ಲ, ಆದರೆ ಅದನ್ನು ಇವನ ಮೇಲೆ ಖರ್ಚು ಮಾಡುವುದು ದಂಡ ಅನ್ನಿಸಿತು.

"ಹಾಗಿದ್ರೆ ಒಂದು ಕೆಲಸ ಮಾಡೋಣ," ಎಂದಳು. "ನಿಜವಾದ ನೋಟಿಸ್ ಕಳಿಸೋಣ, ನಿಮ್ಮ ಮಾಲೀಕರಿಗೆ. ನಿಮ್ಮ ಹೆಸರು ಎಲ್ಲೂ ಬರಲ್ಲ. ಬಸ್ಸಲ್ಲಿ ಸಹಿ ಹಾಕಿಸಿಕೊಳ್ಳೋವಾಗ ನೀವು ಅಡ್ಡ ಬರದಿದ್ದರೆ ಸಾಕು."

ಲಿಂಗರಾಜು ಅಡ್ಡ ಬರುವುದಿರಲಿ, ಮುಂದಿನ ಮೂರು ದಿನ ಸಹಿಯ ಹಾಳೆಯನ್ನು ಹಿಂದಿನ ಸೀಟಿನವರೆಗೂ ತಾನೇ ದಾಟಿಸಿದ. ಬಸ್ಸಿಲ್ಲದ ದಿನ ಹೆಂಗಸರು ಸ್ಟ್ಯಾಂಡಿನಲ್ಲೇ ಕೂತು ಸಹಿ ಹಾಕಿದರು. ನಲವತ್ತೊಂದು ಸಹಿ, ಒಂಬತ್ತು ಹೆಬ್ಬೆಟ್ಟು. ಹೆಬ್ಬೆಟ್ಟುಗಳಲ್ಲಿ ಮೊದಲನೆಯದು ಚಿಕ್ಕಬೀರಮ್ಮನವರದು. ಅವರು ಆ ಬಸ್ಸಿನಲ್ಲಿ ವರ್ಷಕ್ಕೆ ಎರಡು ಸಲ ಓಡಾಡಿದರೆ ಹೆಚ್ಚು. ಪುಟ್ಟಮಲ್ಲಪ್ಪನವರು ಒಂದೂವರೆ ಪುಟದ ನೋಟಿಸ್ ಬರೆದು, ಕಕ್ಷಿದಾರರ ಹೆಸರು ಊರು ಎಲ್ಲ ಸೇರಿಸಿ, ಪಿರಿಯಾಪಟ್ಟಣದಲ್ಲಿದ್ದ ಮಾಲೀಕರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದರು.

ಮಾಲೀಕರು ಒಂದು ವಾರ ಸುಮ್ಮನಿದ್ದರು. ಆಮೇಲೆ ಒಂದು ದಿನ ಸಂಜೆ ತಾವೇ ಹುಣಸೂರು ಸ್ಟ್ಯಾಂಡಿಗೆ ಬಂದು, ಕಾದು ನಿಂತಿದ್ದ ಹೆಂಗಸರನ್ನು ಎಣಿಸಿದಂತೆ ನೋಡಿದರು. ಯುಗಾದಿ ಕಳೆದ ಮೇಲೆ ಬಸ್ಸಿನ ಟೈಮು ಆರೂ ಇಪ್ಪತ್ತಾಯಿತು, ಭಾನುವಾರ ಬಿಟ್ಟು ದಿನಾ ಬರತೊಡಗಿತು. ದಿಬ್ಬಣಗಳಿಗೆ ಮಾಲೀಕರು ಬೇರೆ ಹಳೇ ಗಾಡಿಯೊಂದನ್ನು ರಿಪೇರಿ ಮಾಡಿಸಿದರಂತೆ. ಆರ್‌ಟಿಒ ಬರಲಿಲ್ಲ, ಪರ್ಮಿಟ್ಟೂ ಹೋಗಲಿಲ್ಲ.

ಸರ್ವಮಂಗಳ ಬ್ಲಾಗಿನಲ್ಲಿ ಹಳೆಯದನ್ನು ಅಳಿಸಲಿಲ್ಲ. ಅದರ ಕೆಳಗೆ ಹೊಸ ಟೈಮು ಹಾಕಿ, "ಯುಗಾದಿ ಆದಮೇಲೆ ಏಪ್ರಿಲ್ ಮುಗಿಯುವವರೆಗೂ ಒಂದು ದಿನವೂ ತಪ್ಪಲಿಲ್ಲ" ಎಂದು ಬರೆದಳು. ನೋಟಿಸಿನ ಕಥೆಯನ್ನೂ ಹೆಸರಿಲ್ಲದೆ ಬರೆದು, ಇಂಥದ್ದು ಬಂದರೆ ಏನೇನು ನೋಡಬೇಕು ಎಂದು ಪುಟ್ಟಮಲ್ಲಪ್ಪನವರು ಹೇಳಿದ್ದನ್ನು ಸೇರಿಸಿದಳು. ಅದನ್ನು ಇನ್ನೂರಕ್ಕೂ ಹೆಚ್ಚು ಜನ ಓದಿದರು. ಭೇರ್ಯದ ಕಡೆಯಿಂದ ಒಬ್ಬರು, ನಮ್ಮೂರ ಬೆಳಗಿನ ಬಸ್ಸೂ ಹೀಗೇ ಕೈಕೊಡುತ್ತದೆ, ಬಂದು ನೋಡಿ ಎಂದು ಬರೆದರು. ಬರುವ ಭಾನುವಾರ ಹೋಗೋಣವೆಂದು ಅವಳು ಗಂಡನಿಗೆ ಹೇಳಿದಳು. ಯತೀಶ್ ಏನಾದರೂ ಅನ್ನುವುದರೊಳಗೆ, ತಾನೂ ಬರುತ್ತೇನೆಂದು ಚಿಕ್ಕಬೀರಮ್ಮ ಒಳಗಿನಿಂದಲೇ ಕೂಗಿ ಹೇಳಿದರು.