ಮೈದುನನ ಚೌಕ ನಟ್ಟುಗಳು

ಹೊಳೆಯ ದಂಡೆಯ ನಮ್ಮ ಮೋಟರನ್ನು ಕಳ್ಳರಿಂದ ಕಾಯಲು ಯಾರೂ ಅಷ್ಟು ತಲೆ ಓಡಿಸಿರಲಿಲ್ಲ. ಅಣ್ಣನಿಂದ ತಮ್ಮ, ತಮ್ಮನಿಂದ ಅಣ್ಣ ಕಾಯ್ದುಕೊಳ್ಳಲಿ ಎಂದೇ ಪಂಚರು ನಮ್ಮ ಕಟ್ಟೆಯ ಮೇಲೆ ಅರ್ಧ ದಿನ ಕೂತು ಚಹಾ ಕುಡಿದಿದ್ದರು.

ಅಣ್ಣ ಎಂದರೆ ನನ್ನ ಗಂಡ ಮುರಗೆಪ್ಪ. ತಮ್ಮ ಎಂದರೆ ಮೈದುನ ವಿರುಪಾಕ್ಷಪ್ಪ. ಐನಾಪುರದ ಹೊಲ, ದ್ರಾಕ್ಷಿ ಪಡ, ಎತ್ತು, ಹಂಡೆ ಎಲ್ಲ ಹಂಚಿ ಆಯಿತು. ಮಾವನವರು ಸಾಯುವ ವರ್ಷ ಆಸೆಯಿಂದ ತಂದು ಕೂರಿಸಿದ ಮೋಟರನ್ನು ಕಡಿದು ಹಂಚಲಿಕ್ಕೆ ಬರುತ್ತದೆಯೇ? ಎರಡೂ ಮನೆಯ ಪಡಕ್ಕೆ ನೀರು ಅದರಿಂದಲೇ. ಒಬ್ಬರು ಕದ್ದು ಒಯ್ದರೆ ಇನ್ನೊಬ್ಬರ ಬಾಯಿಗೆ ಮಣ್ಣು.

ಹಾಗಾಗಿ ಪಂಚರು ಒಂದು ಉಪಾಯ ಹೂಡಿದರು. ಮೋಟರು ಒಂದು ಕಬ್ಬಿಣದ ಚೌಕಟ್ಟಿನ ಮೇಲೆ ರಿವೀಟು ಹೊಡೆಸಿಕೊಂಡು ಕೂತಿತ್ತು. ಆ ಚೌಕಟ್ಟನ್ನು ಹಿಡಿದಿದ್ದವು ಕಾಂಕ್ರೀಟಿನಲ್ಲಿ ಬುಡ ಹೂತ ನಾಲ್ಕು ಬೋಲ್ಟುಗಳು. ಎರಡು ಬೋಲ್ಟಿಗೆ ನಮ್ಮ ಆರು ಮೂಲೆಯ ನಟ್ಟು, ಒಂದೊಂದೇ. ಇನ್ನೆರಡಕ್ಕೆ ಮೈದುನನ ಚೌಕ ನಟ್ಟು. ಚಾಣ ಬಡಿದು ಯಾರೂ ತೆಗೆಯಬಾರದೆಂದು ಪ್ರತಿ ನಟ್ಟಿನ ಸುತ್ತ ಪೈಪಿನ ತುಂಡನ್ನು ನಿಲ್ಲಿಸಿ ಬೆಸುಗೆ ಹಾಕಿಸಿದರು. ಆ ಪೈಪಿನೊಳಗೆ ಇಳಿಯುವ ನಟ್ಟು ಬಿಚ್ಚುವ ಉದ್ದನೆಯ ಬಾಕ್ಸ್ ಪಾನಾಗಳನ್ನು ಅಥಣಿಯಲ್ಲಿ ಮಾಡಿಸಿದರು. ಆರು ಮೂಲೆಯ ಪಾನಾ ನಮ್ಮ ಮನೆಯಲ್ಲಿ, ಚೌಕ ಪಾನಾ ಅವರ ಮನೆಯಲ್ಲಿ. ತುಕ್ಕು ಹಿಡಿಯದಿರಲೆಂದು ಪೈಪಿನ ಬಾಯಿಗೆ ಗ್ರೀಸು ಮೆತ್ತಿದ ಅರಿವೆ ತುರುಕಿದ್ದರು. ಒಬ್ಬರನ್ನು ಬಿಟ್ಟು ಒಬ್ಬರು ಮೋಟರು ಎತ್ತುವ ಹಾಗಿರಲಿಲ್ಲ. ಅಂದಿನಿಂದ ಎರಡೂ ಮನೆಗೆ ಮಾತು ನಿಂತುಹೋಯಿತು.

ತೊಂಬತ್ತರ ಆಚೀಚಿನ ಒಂದು ಶ್ರಾವಣದಲ್ಲಿ ಹೊಳೆ ಏರಿತು. ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದೆ, ಜೀಪಿನವರು ಕೂಗುತ್ತ ಹೋದರು: "ಮ್ಯಾಲಿನ ಡ್ಯಾಮಿನ ನೀರ ಬಿಟ್ಟಾರ, ದಂಡ್ಯಾಗಿನ ಮೋಟರ ತಕ್ಕೊಳ್ರೀ!" ಹಂಚಿನ ಮೇಲಿನ ರೊಟ್ಟಿ ಹಂಚಿನ ಮೇಲೆಯೇ ಉಳಿಯಿತು. ನಾನು, ನನ್ನ ಗಂಡ, ಬಾಜೂ ಹೊಲದ ಭರಮು ದಂಡೆಗೆ ಓಡಿದೆವು.

ಭರಮು ಮೇಲೆ ಮೂರು ಕಂಬ ನಿಲ್ಲಿಸಿ ಚೈನ್ ಪುಲ್ಲಿ ಕಟ್ಟಿದ. ನನ್ನ ಗಂಡ ಕೆಳಗಿಳಿದು ನೀರಿನ ಪೈಪುಗಳನ್ನು ಬಿಚ್ಚಿ, ಚೌಕಟ್ಟಿಗೆ ಸರಪಳಿ ಬಿಗಿದು, ನಮ್ಮ ನಟ್ಟುಗಳಿಗೆ ಪಾನಾ ಹಾಕಿದರು. ತುಕ್ಕು ಹಿಡಿದ ನಟ್ಟು ಅಲ್ಲಾಡಲೊಲ್ಲದು. ಸೀಮೆಎಣ್ಣೆ ಸುರಿದರು, ಬಡಿದರು, ಬೈದರು. ಕಡೆಗೆ ಒಂದು ಬಂತು. ಅದೇ ಬೋಲ್ಟಿನಿಂದ ಇನ್ನೊಂದೂ ಬಂತು. ಆಚೆಯ ಬೋಲ್ಟಿನಿಂದಲೂ ಎರಡು. ನನ್ನ ಉಡಿಯಲ್ಲಿ ನಾಲ್ಕು ಬಿದ್ದವು.

"ಇದೇನ್ರಿ? ಒಂದೊಂದ ಹಾಕೂದು ಅಂತ ಠರಾವ ಆಗಿತ್ತಲ್ಲ?"

"ಚೆಕ್ ನಟ್ ಬೇ ಅದು. ಒಂದರ ಮ್ಯಾಲೊಂದು ಬಿಗದ್ರ ಸಡಲಾಗಂಗಿಲ್ಲ. ಅಂವ ತನ್ನವು ಸಡ್ಲ ಬಿಟ್ಟಾನ, ಅದಕ್ಕ ಮೋಟರ ಎರಡು ವರ್ಷದಿಂದ ಗಡಗಡ ನಡಗಾಕತ್ತೈತಿ."

"ಪಂಚರಿಗೆ ಗೊತ್ತೈತೇನು?"

"ಬಾಯಿ ಮುಚ್ಚ. ಓಡಿ ಹೋಗಿ ಅವರ ಪಾನಾ ಇಸಗೊಂಬಾ!"

ಅಷ್ಟರಲ್ಲಿ ನೀರು ಅವರ ಮೊಣಕಾಲಿಗೆ ಬಂದಿತ್ತು.

ಎರಡು ವರ್ಷ ತುಳಿಯದ ಹೊಸ್ತಿಲು ತುಳಿದೆ. ಮೈದುನನ ಹೆಂಡತಿ, ನನ್ನ ನೆಗೆಣ್ಣಿ ಸಕ್ಕುಬಾಯಿ ಜೋಳ ಕೇರುತ್ತ ಕೂತಿದ್ದವಳು ಮೊರದಿಂದ ಮುಖ ಎತ್ತಲಿಲ್ಲ.

"ಅವ್ರ ಇಲ್ಲ. ಮಗಳ ಮನಿಗೆ ಅಕ್ಕೋಳಕ್ಕ ಹೋಗ್ಯಾರ."

"ಪಾನಾ ಐತೆಲ್ಲ? ಕೊಡ."

"ಐತಿ. ಕೊಡಂಗಿಲ್ಲ. ಯಾರ ಕೈಯಾಗೂ ಕೊಡಬ್ಯಾಡ ಅಂದಾರ."

"ಹೊಳಿ ಬಂದೈತಿ ಸಕ್ಕೂ! ನಿಮ್ಮ ಬಾವಾರು ನೀರಾಗ ನಿಂತಾರ, ಮೋಟರ ಬಿಟ್ಟು ಮ್ಯಾಲ ಬರಂಗಿಲ್ಲ ಅಂತಾರ. ಅವರಿಗೇನರ ಆದ್ರ ಆ ಪಾನಾ ಕೊಳ್ಳಾಗ ಕಟಗೊಂಡು ಕುಂದ್ರತೀಯೇನು?"

ಅವಳು ಮೊರ ಬಿಸಾಕಿ ಎದ್ದಳು. ಜೋಳದ ಚೀಲದೊಳಗೆ ಮೊಳಕೈವರೆಗೆ ಕೈ ತುರುಕಿ ಪಾನಾ ಹೊರತೆಗೆದಳು. "ಕೊಡಂಗಿಲ್ಲ ಅಂದೆ ಯಕ್ಕಾ, ಬರಂಗಿಲ್ಲ ಅನ್ಲಿಲ್ಲ. ನಡಿ!" ಎಂದು ನನಗಿಂತ ಮುಂದೆ ಓಡಿದಳು.

ದಂಡೆಗೆ ಬಂದು ನೋಡುತ್ತೇನೆ, ನೀರು ನನ್ನ ಗಂಡನ ಸೊಂಟ ದಾಟಿದೆ. ಮೋಟರಿನ ಬೆನ್ನಷ್ಟೇ ಕಾಣುತ್ತಿದೆ. ಬೇರುಸಮೇತ ಕಿತ್ತ ಬಾಳೆಗಿಡಗಳು ಅವರ ಪಕ್ಕದಲ್ಲೇ ಸರ್ರೆಂದು ಹಾಯುತ್ತಿವೆ. "ಮುರಗಣ್ಣಾ, ಹಾಳಾಗಿ ಹೋಗ್ಲಿ ಮೋಟರ, ಮ್ಯಾಲ ಬಾರೋ!" ಎಂದು ಭರಮು ಅರಚುತ್ತಿದ್ದ. ಇವರು ಎರಡೂ ಕೈಯಿಂದ ಚೌಕಟ್ಟು ಅಪ್ಪಿ, "ಅಪ್ಪನ ಮೋಟರ ಬಿಟ್ಟು ಬರಂಗಿಲ್ಲ" ಎನ್ನುತ್ತಿದ್ದರು.

ಸಕ್ಕುಬಾಯಿ ಕಚ್ಚೆ ಬಿಗಿದು ಇಳಿದೇಬಿಟ್ಟಳು. ಅವಳ ಸೆರಗು ನಾನು ಹಿಡಿದೆ, ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಭರಮು ಹಿಡಿದ. ನೀರೊಳಗೆ ತಡಕಾಡಿ ಪೈಪಿನ ಅರಿವೆ ಕಿತ್ತು, ಪಾನಾ ಇಳಿಸಿ ತಿರುವಿದಳು. ಪಾನಾ ಸುಮ್ಮನೆ ಗಿರಗಿರ ತಿರುಗಿತು.

"ಹಿಡಿಯವಲ್ದು ಬಾವಾರ!"

"ಒತ್ತಿ ತಿರುವ!"

"ಒತ್ತೀನ್ರಿ! ಒಳಗ ಏನೂ ಇಲ್ಲ!"

ನನ್ನ ಗಂಡ ಅವಳ ಕೈಯಿಂದ ಪಾನಾ ಕಸಿದುಕೊಂಡು ತಾವೇ ಇಳಿಸಿದರು. ಮತ್ತೆ ಗಿರಗಿರ. ಪೈಪಿನೊಳಗೆ ಬೆರಳು ಹಾಕಿ ನೋಡಿದರು. ಆಚೆಯ ಪೈಪಿನಲ್ಲೂ ಹಾಕಿ ನೋಡಿದರು. ಬೋಲ್ಟಿನ ತಿರುಪು ಬೆರಳಿಗೆ ಹತ್ತಿತು, ನಟ್ಟು ಇರಲಿಲ್ಲ. ಎರಡರ ಮೇಲೂ ಇರಲಿಲ್ಲ.

ಅವರು ನನ್ನ ಮುಖ ನೋಡಿದರು. ಇಷ್ಟು ಹೊತ್ತು ಇಲ್ಲದ ನಟ್ಟಿಗಾಗಿ ಜೀವ ಒತ್ತೆ ಇಟ್ಟು ನಿಂತಿದ್ದರು.

"ಜಗ್ಗಲೇ ಭರಮ್ಯಾ!" ಎಂದು ನಾನೇ ಚೀರಿದೆ. ಸಕ್ಕುಬಾಯಿಯನ್ನು ಎಳೆದುಕೊಂಡು ಮೇಲೆ ಹತ್ತಿದೆ. ಮೂವರೂ ಸರಪಳಿ ಜಗ್ಗಿದೆವು. ಮೋಟರು ಕಾಂಕ್ರೀಟಿನ ಕಟ್ಟೆ ಬಿಟ್ಟು ಎದ್ದಿತು, ಅದೇ ಗಳಿಗೆಗೆ ನನ್ನ ಗಂಡನ ಕಾಲು ಜಾರಿತು. ತಲೆ ನೀರಿನಲ್ಲಿ ಮುಳುಗಿತು. ಎರಡು ಕೈ ಮಾತ್ರ ಚೌಕಟ್ಟಿನ ಅಂಚಿನಲ್ಲಿ ಕಾಣುತ್ತಿದ್ದವು. "ಬಿಡಬ್ಯಾಡ್ರೀ, ಬಿಡಬ್ಯಾಡ್ರೀ!" ಎಂದು ಒದರುತ್ತ ಜಗ್ಗಿದೆವು, ಅಂಗೈ ಸುಲಿದು ರಕ್ತ ಬಂತು. ಮೋಟರಿನ ಜೊತೆ ಅವರೂ ಮೇಲೆ ಬಂದರು. ಕೆಸರಿನಲ್ಲಿ ಬಿದ್ದು ಕೆಮ್ಮಿದರು. ನಾನು ಅವರನ್ನು ಬೈದೆ, ತಬ್ಬಿಕೊಂಡೆ, ಮತ್ತೆ ಬೈದೆ.

ಮರುದಿನ ಸುದ್ದಿ ತಿಳಿದು ವಿರುಪಾಕ್ಷಪ್ಪ ಬಸ್ಸಿಳಿದವನೇ ನೇರ ನಮ್ಮ ಕಟ್ಟೆಗೆ ಬಂದ. ಮೋಟರು ಅಲ್ಲೇ ಇತ್ತು. ಅದರ ಪಕ್ಕದಲ್ಲಿ ನಾನು ಸುರಿದ ನಟ್ಟುಗಳೂ ಇದ್ದವು. "ಅಣ್ಣಾ, ಆರಾಮ ಅದಿ ಇಲ್ಲೋ?" ಎಂದ. ಎರಡು ವರ್ಷದ ಮೇಲೆ ಅದೇ ಮೊದಲ ಮಾತು.

ಸಕ್ಕುಬಾಯಿ ಹಿಂದೆಯೇ ಬಂದಳು. "ನಮ್ಮ ಚೌಕ ನಟ್ಟ ಎಲ್ಲ್ಯಾವ್ರಿ?"

"ಪಂಚರು ಎದ್ದ ದಿನಾನ ಬಿಚ್ಚಿ ಹೊಳ್ಯಾಗ ಒಗದ್ಯಾ. ನಾ ಊರಾಗ ಇಲ್ಲದಾಗ ಹೊಳಿ ಬಂದ್ರ ಅಣ್ಣಗ ತ್ರಾಸ ಆಗಬಾರ್ದಂತ."

"ಮತ್ತ ಪಾನಾ ಯಾಕ ನನ್ನ ಕಡೆ ಕಾಯಿಸಿದ್ರಿ?"

"ನಿನಗ ನಿದ್ದಿ ಬರ್ಲೆಂತ."

"ಅಣ್ಣನ ಮುಂದ ಒಂದ ಮಾತ ಅನ್ನಾಕ ಏನಾಗಿತ್ತು ನಿನಗ?" ಎಂದು ನಾನು ಹರಿಹಾಯ್ದೆ.

"ಮಾತ ಬಿಟ್ಟಿದ್ವೆಲ್ಲ ವೈನಿ, ಹ್ಯಾಂಗ ಹೇಳ್ಲಿ?" ಎಂದ. ಆಮೇಲೆ ಅವನ ಕಣ್ಣು ನಟ್ಟುಗಳ ಮೇಲೆ ಬಿತ್ತು. ಒಂದೊಂದಾಗಿ ಎತ್ತಿ ನೋಡಿದ. "ನಾಕ ಅದಾವಲ್ಲ. ಎಲ್ಲಾ ಆರ ಮೂಲೀವು. ನಿನ್ನವು ಎರಡ ಅಲ್ಲೇನೋ ಅಣ್ಣಾ?"



"ಮ್ಯಾಲಿನವು ಎರಡು ನಾನ ಕದ್ದು ಹಾಕಿದ್ದೆ ತಮ್ಮಾ," ಎಂದರು ನನ್ನ ಗಂಡ. "ಒಂದ ನಟ್ಟ ಹ್ಯಾಂಗರ ಬಿಚ್ಚಿ ನೀ ಮೋಟರ ಒಯ್ತಿ ಅಂತ ತಿಳದು."

ವಿರುಪಾಕ್ಷಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ನಟ್ಟುಗಳ ಕೆಸರು ಒರೆಸಿ, ಸಾಲಾಗಿ ಇಟ್ಟ.

"ಛಲೋನ ಆತು ಬಿಡ," ಎಂದ. "ಬೋಲ್ಟ ನಾಕ, ನಟ್ಟ ನಾಕ. ಹೊಳಿ ಇಳೀಲಿ, ಇಬ್ರೂ ಹೋಗಿ ಕುಂದ್ರಸೂಣು."

ನನ್ನ ಗಂಡ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನು ಒಳಗೆ ಹೋಗಿ ನಾಲ್ವರಿಗೂ ಚಹಾಕ್ಕಿಟ್ಟೆ.