ಸೊನ್ನೆಗೆ ತಿರುಗಿದ ನಾಬು

ಬೆಳಿಗ್ಗೆ ಏಳು ಗಂಟೆಗೆ ಯಾಕೂಬ್ ಮಿಸ್ತ್ರಿ ನನ್ನ ಎರಡೂ ಚಕ್ರ ಬಿಚ್ಚಿದ. ಅಂದು ನನಗೆ ಕರೆಂಟ್ ಬ್ರೇಕ್ ಕೂರಿಸುವುದಿತ್ತು.

ನಾನು ಜೀಪಿನ ಹಿಂದೆ ಕಟ್ಟುವ ಸಣ್ಣ ಟ್ರೇಲರ್. ಹುಟ್ಟಿದ್ದು ಹುಬ್ಬಳ್ಳಿಯ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ, ಬ್ರೇಕ್ ಇಲ್ಲದೆ. ಮೊದಲು ಟೈಲ್ಸ್ ವ್ಯಾಪಾರಿಯೊಬ್ಬ ನನ್ನನ್ನು ದುಡಿಸಿದ. ಆಮೇಲೆ ಮದುವೆಗಳಿಗೆ ಮೈಕು, ಜನರೇಟರ್ ಬಾಡಿಗೆಗೆ ಕೊಡುವ ಗುರುಬಸಪ್ಪ ಕೊಂಡ. ಜನರೇಟರ್ ಹೊತ್ತು ಇಳಿಜಾರಿಗೆ ಬಂದರೆ ನಾನು ಜೀಪನ್ನು ಮುಂದಕ್ಕೆ ನೂಕುತ್ತಿದ್ದೆ. ಅರಬೈಲು ಘಟ್ಟದಲ್ಲಿ ಒಮ್ಮೆ ಹಾಗೆಯೇ ನೂಕಿ ಅದನ್ನು ಚರಂಡಿಗೆ ಇಳಿಸಿದೆ. ಬೈಗುಳ ತಿಂದವನು ಡ್ರೈವರ್ ಫಕೀರಪ್ಪ. ಬ್ರೇಕ್ ಹಾಕಿಸಿ ಎಂದು ಅವನು ಆಗಿನಿಂದ ಜಗಳಕ್ಕೆ ನಿಂತಿದ್ದ.

"ನಿನ್ನ ಕಾಲಾಗ ಕಸುವಿಲ್ಲ, ಅದಕ್ಕ ಟ್ರೇಲರಿಗೆ ಕರೆಂಟ್ ಕೊಡಬೇಕಾತು," ಎಂದ ಗುರುಬಸಪ್ಪ. "ಇನ್ನೊಂದ್ ಸರ್ತಿ ಚರಂಡಿ ಕಾಣಿಸಿದ್ಯೋ, ಕೀಲಿ ಇಟ್ಟು ನಡಿ."

"ಆತ್ರಿ ಸಾವ್ಕಾರ್ರ. ನೀವು ಆ ಬ್ರೇಕಿಗೆ ಕೈ ಹಚ್ಚಬ್ಯಾಡ್ರಿ, ಅಷ್ಟ ಸಾಕು."

ಯಾಕೂಬ್ ಡ್ರಮ್ಮುಗಳೊಳಗೆ ಆಯಸ್ಕಾಂತ ಕೂರಿಸಿ ಜೀಪಿನಿಂದ ವೈರು ಎಳೆದ. ಡ್ರೈವರನ ಮೊಣಕಾಲಿನ ಬಳಿ ಒಂದು ಡಬ್ಬಿ, ಅದಕ್ಕೊಂದು ತಿರುಗಿಸುವ ನಾಬು. "ಜೀಪಿನ ಬ್ರೇಕ್ ತುಳಿದ್ರ ಇದಕ್ಕೂ ಕರೆಂಟ್ ಹೋಗ್ತೈತಿ. ಭಾರ ಇದ್ರ ನಾಬು ಏರಸ್ರಿ, ಖಾಲಿ ಇದ್ರ ಇಳಸ್ರಿ. ಸೊನ್ನಿಗೆ ತಂದ್ರ ಬ್ರೇಕ್ ಇಲ್ಲ ಅಂತನ ತಿಳೀರಿ," ಎಂದ.

ಮೊದಲ ಬಾರಿಗೆ ನನ್ನನ್ನು ನಾನೇ ತಡೆಯಬಲ್ಲವನಾದೆ. ಗುರುಬಸಪ್ಪನಿಗೆ ಅದು ಹಿಡಿಸಲಿಲ್ಲ. ಬ್ರೇಕ್ ತುಳಿದಾಗಲೆಲ್ಲ ನಾನು ಹಿಂದಕ್ಕೆ ಜಗ್ಗುತ್ತಿದ್ದೆ. "ಯಾರೋ ಅಂಗಿ ಹಿಡಿದು ಎಳದಂಗ ಆಗ್ತೈತಿ," ಎಂದು ಗೊಣಗುತ್ತಿದ್ದ. ಅವನು ಮೈಕಿನವನು. ಕಿರಿಕಿರಿಯಾದರೆ ಕೈ ತಾನಾಗಿಯೇ ನಾಬಿನ ಮೇಲೆ ಹೋಗುತ್ತದೆ, ಕೆಳಗೆ ಇಳಿಸುತ್ತದೆ.

ಅಂಕೋಲೆಯ ಮದುವೆಗೆ ಹೊರಟ ದಿನ, ಘಟ್ಟದ ತಲೆಯಲ್ಲಿ ಫಕೀರಪ್ಪ ನಾಬನ್ನು ಏರಿಸಿ, ಜನರೇಟರಿನ ಹಗ್ಗ ಬಿಗಿಯಲು ಕೆಳಗಿಳಿದ. ಜೀಪಿನ ಹಿಂಬದಿ ತೆರೆದಿತ್ತು. ಪಕ್ಕದ ಸೀಟಿನಲ್ಲಿದ್ದ ಗುರುಬಸಪ್ಪನ ಕೈ ಡಬ್ಬಿಯತ್ತ ಚಾಚಿದ್ದು ನನಗೆ ಕಂಡಿತು.

ಕಡಿದಾದ ತಿರುವಿನಲ್ಲಿ ಫಕೀರಪ್ಪ ಬ್ರೇಕ್ ತುಳಿದ. ನನಗೆ ಕರೆಂಟ್ ಬರಲಿಲ್ಲ. ನೂಕಿದೆ. ಜೀಪು ಗುಡ್ಡದ ಕಡೆಯ ಚರಂಡಿಗೆ ಬಿತ್ತು, ಜನರೇಟರ್ ಮಗುಚಿತು. ಯಾರಿಗೂ ಪೆಟ್ಟಾಗಲಿಲ್ಲ.

ಫಕೀರಪ್ಪ ಬಗ್ಗಿ ಡಬ್ಬಿ ನೋಡಿದ. "ಇದನ್ನ ಸೊನ್ನಿಗೆ ಯಾರು ತಂದ್ರು?"

"ನಿನ್ನ ಮೊಣಕಾಲ ಬುಡಕಿಂದು ನನಗ್ಯಾಕ ಕೇಳ್ತಿ?"

"ನಾ ಹಗ್ಗ ಬಿಗಿಯಾಕ ಇಳಿದಾಗ ಒಳಗ ನೀವೊಬ್ರ ಇದ್ರಿ."

"ಕೀಲಿ ಇಡು."

ಫಕೀರಪ್ಪ ಕೀಲಿಯನ್ನು ಸೀಟಿನ ಮೇಲಿಟ್ಟ. "ಮುಂದ ಇನ್ನೂ ಇಳಿಜಾರ ಐತಿ. ನಾಬು ಏರಿಸ್ಕೊಂಡ ಹೋಗ್ರಿ," ಎಂದು ಹೇಳಿ, ಘಟ್ಟ ಹತ್ತುತ್ತಿದ್ದ ಲಾರಿಗೆ ಕೈ ಮಾಡಿ ಹತ್ತಿಕೊಂಡ.

ಈಗ ನನಗೆ ವಯಸ್ಸಾಗಿದೆ, ತಳದ ತಗಡು ತುಕ್ಕು ಹಿಡಿದಿದೆ. ಎರಡು ಸಲವೂ ನೂಕಿದವನು ನಾನೇ. ನನ್ನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ.

ಫಕೀರಪ್ಪ ಕೀಲಿ ಇಟ್ಟ ವಾರವೇ ಹೊಸ ಡ್ರೈವರ್ ಬಂದ. ನಾಬು ಏತಕ್ಕೆಂದು ಅವನಿಗೆ ಯಾರೂ ಹೇಳಲಿಲ್ಲ.